ಕುಡಿಯುವುದಿಲ್ಲ ಎಂದು ಬರೆದ ಬಾವಿ

ಮೂರು ವರ್ಷದ ಹಿಂದೆ ನಾನೇ ಬರೆದಿದ್ದ ವರದಿಯನ್ನು ಕಡೂರಿನ ಬಾಡಿಗೆ ಕೋಣೆಯಲ್ಲಿ ಕೂತು ಮತ್ತೆ ಓದುತ್ತಿದ್ದೆ. ನಲವತ್ತೊಂದನೆಯ ಪುಟದಲ್ಲಿ ಒಂದು ಸಾಲು ಸಿಕ್ಕಿತು. ‘ಕಾರ್ಖಾನೆಯ ಪೂರ್ವದ ಗೋಡೆಯ ಆಚೆ, ತೆಂಗಿನ ತೋಟದಲ್ಲಿ ಒಂದು ತೆರೆದ ಬಾವಿ ಇದೆ. ಅದರ ನೀರನ್ನು ಯಾರೂ ಕುಡಿಯುವುದಿಲ್ಲ.’

ಎರಡು ಸಲ ಓದಿದೆ. ಆಮೇಲೆ ಕೊನೆಯ ಪುಟಕ್ಕೆ ಹೋಗಿ ಸಹಿ ನೋಡಿದೆ. ಸಹಿ ನನ್ನದೇ. ಸಾಲು ಮಾತ್ರ ನನ್ನದಲ್ಲ ಎಂದು ಆ ಗಳಿಗೆಯಲ್ಲಿ ನನಗೆ ಖಾತ್ರಿಯಿತ್ತು. ಯಾಕೆಂದರೆ ಆ ಬಾವಿಯ ನೀರನ್ನು ಸ್ವತಃ ನಾನೇ ಕುಡಿದಿದ್ದೆ. ಹಿತ್ತಾಳೆ ಚೊಂಬು, ಅದರ ಕಂಠದಲ್ಲಿದ್ದ ಸಣ್ಣ ನೆಗ್ಗು, ಬಿಸಿಲಲ್ಲಿ ಅಲೆದು ಬಂದವನ ಗಂಟಲಿಗೆ ಇಳಿದ ತಂಪು, ಎಲ್ಲವೂ ನೆನಪಿತ್ತು. ಕುಡಿದವನೇ ಯಾರೂ ಕುಡಿಯುವುದಿಲ್ಲ ಎಂದು ಹೇಗೆ ಬರೆದಾನು? ಕಚೇರಿಯಲ್ಲಿ ಯಾರೋ ನನ್ನ ವರದಿಯನ್ನು ತಿದ್ದಿದ್ದಾರೆ ಎಂದು ಮೈ ಉರಿಯಿತು.

ನನ್ನ ಕೆಲಸ ಏನೆಂದು ಮನೆಯವರಿಗೆ ಇವತ್ತಿಗೂ ಸರಿಯಾಗಿ ವಿವರಿಸಲು ಆಗಿಲ್ಲ. ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದು ಕಾರ್ಖಾನೆ ಕಟ್ಟಲೋ ಬೆಳೆಸಲೋ ಹೊರಟಾಗ, ಅದಕ್ಕೆ ಬಂಡವಾಳ ಹಾಕುವ ಸಂಸ್ಥೆ ಮೊದಲು ಒಂದು ಪರಿಶೀಲನೆ ಮಾಡಿಸುತ್ತದೆ. ಅಲ್ಲಿನ ಮಣ್ಣು ನೀರಿಗೆ ಏನಾಗುತ್ತದೆ, ಸುತ್ತಲಿನ ಜನಕ್ಕೆ ಏನಾಗುತ್ತದೆ ಎಂದು. ಮಣ್ಣು ನೀರು ನೋಡುವವರು ಬೇರೆ. ಜನರನ್ನು ಕೇಳಿ ಬರೆಯುವವನು ನಾನು. ಎರಡಕ್ಕೂ ಒಂದು ಕೊಂಡಿಯಿದೆ. ಯಾವ ನೀರನ್ನು ಜನ ಕುಡಿಯುತ್ತಾರೆ ಎಂದು ನಾನು ಬರೆಯುತ್ತೇನೋ ಆ ನೀರನ್ನು ಮಾತ್ರ ಅವರು ಸೀಸೆಯಲ್ಲಿ ತುಂಬಿಸಿ ಪರೀಕ್ಷೆಗೆ ಕಳಿಸುತ್ತಾರೆ. ನಾನು ಕುಡಿಯುವುದಿಲ್ಲ ಎಂದು ಬರೆದರೆ ಆ ಬಾವಿಯ ಹತ್ತಿರ ಯಾರೂ ಸುಳಿಯುವುದಿಲ್ಲ.

ಮೂರು ವರ್ಷದ ಹಿಂದೆ ಗೋಡೆಯಷ್ಟೇ ಎದ್ದಿತ್ತು. ಈಗ ಕಂಪನಿ ಓಡುತ್ತಿದ್ದ ಕಾರ್ಖಾನೆಯನ್ನು ದೊಡ್ಡದು ಮಾಡಹೊರಟಿತ್ತು. ಲೇತ್ ಮಷೀನುಗಳಿಂದ ಬರುವ ಕಬ್ಬಿಣದ ಸುರುಳಿ ಚೂರುಗಳನ್ನು ರಾಶಿ ಹಾಕುವ ಜಾಗವನ್ನು ಪೂರ್ವದ ಗೋಡೆಯ ಕಡೆ ಎರಡರಷ್ಟು ಮಾಡುವ ನಕ್ಷೆ ಸಿದ್ಧವಾಗಿತ್ತು. ಜಾಗ ಗೊತ್ತಿರುವವನು ಎಂದು ಪರಿಶೀಲನೆಗೆ ಮತ್ತೆ ನನ್ನನ್ನೇ ಕರೆದಿದ್ದರು.

ಮಾರನೆಯ ಬೆಳಿಗ್ಗೆ ಕಾರು ತಂದವನು ಮೂರು ವರ್ಷದ ಹಿಂದೆಯೂ ನನ್ನ ಜೊತೆ ಓಡಾಡಿದ್ದ ಚಾಲಕನೇ. ತರೀಕೆರೆಯವನು, ನನ್ನ ಊರಿನವನೇ. ಮನೆಯಲ್ಲಿ ದಖ್ಖನಿ, ನನ್ನ ಹತ್ತಿರ ಕನ್ನಡ, ಟ್ರಾಫಿಕ್ಕಿನ ಹತ್ತಿರ ಎರಡೂ ಅಲ್ಲದ ಒಂದು ಭಾಷೆ. ಬೀರೂರು ದಾಟುವಷ್ಟರಲ್ಲಿ ನನ್ನ ಸಿಟ್ಟನ್ನೆಲ್ಲ ಅವನ ಮುಂದೆ ಸುರಿದೆ.

ಅವನು ಗೇರು ಬದಲಾಯಿಸುತ್ತ, “ಸಾರ್, ಆ ಮನೇಲಿ ನೀವು ಬಾವಿ ನೀರು ಮುಟ್ಲೇ ಇಲ್ಲ,” ಅಂದ.

“ಏನ್ ಭಾಯ್, ನೀನೇ ಪಕ್ಕದಲ್ಲಿದ್ದೆ. ಹಿತ್ತಾಳೆ ಚೊಂಬಲ್ಲಿ ಕೊಟ್ರಲ್ಲ.”

“ಚೊಂಬು ಸಿಂಗಟಗೆರೆ ಕಡೆ. ಸೋಲಾರ್ ಕೆಲಸಕ್ಕೆ ಹೋಗಿದ್ವಲ್ಲ, ಅವಾಗ. ಈ ಮನೇಲಿ ಕೊಟ್ಟಿದ್ದು ಸ್ಟೀಲ್ ಲೋಟ, ಫಿಲ್ಟರ್ ನೀರು. ಆಯಮ್ಮ ಗಂಡನ್ನ ಗಾಡೀಲಿ ಕ್ಯಾನ್ ಕೊಟ್ಟು ಕಳಿಸಿದ್ರು. ಊರಲ್ಲಿ ಫಿಲ್ಟರ್ ಕೆಟ್ಟಿತ್ತು, ಪಕ್ಕದೂರಿಗೆ ಹೋದ್ರು ಆಯಪ್ಪ. ನೀವು ಕೇಳ್ತಾ ಕೂತ್ರಿ, ನಾನು ಕಾಯ್ತಾ ಕೂತೆ.”

“ಇಷ್ಟೆಲ್ಲ ನಿನಗೆ ಹೆಂಗೆ ನೆನಪಿದೆ?”

“ಶುಕ್ರವಾರ ಸಾರ್ ಅವತ್ತು. ಅಜ್ಜಂಪುರಕ್ಕೆ ಹೋಗಿ ಜುಮ್ಮಾ ನಮಾಜ್ ಮಾಡೋಣ ಅಂತಿದ್ದೆ. ನಿಮ್ಮ ಒಂದು ಲೋಟ ನೀರಿಗೆ ನನ್ನ ನಮಾಜ್ ಹೋಯ್ತು. ನೀವು ಮರೀಬಹುದು, ನಾನು ಮರೀತೀನಾ?”

ನಾನು ನಗಲಿಲ್ಲ. ಕಾರನ್ನು ತರೀಕೆರೆಗೆ ತಿರುಗಿಸು ಅಂದೆ. ನನ್ನ ಹಳೆಯ ಟಿಪ್ಪಣಿ ಪುಸ್ತಕಗಳು ಮನೆಯ ಅಟ್ಟದ ಮೇಲಿದ್ದವು. ವಿಶ್ವವಿದ್ಯಾಲಯದಲ್ಲಿ ನಮಗೆ ಒತ್ತಿ ಹೇಳಿಕೊಟ್ಟಿದ್ದು ಇದನ್ನೇ: ನೋಡಿದ್ದನ್ನು ನಿಂತಲ್ಲೇ ಬರೆದಿಡಿ, ತಲೆಯನ್ನು ನಂಬಬೇಡಿ. ಸಮಾಜಶಾಸ್ತ್ರ ಓದಿದ ಮೇಲೆ ನಾನು ಪಂಚಾಯಿತಿಯ ಲೆಕ್ಕ ನಂಬುತ್ತಿರಲಿಲ್ಲ, ಕಂಪನಿಯ ನಕ್ಷೆ ನಂಬುತ್ತಿರಲಿಲ್ಲ, ಹಿರಿಯರು ಹೇಳುವ ಊರ ಚರಿತ್ರೆಯನ್ನೂ ನಂಬುತ್ತಿರಲಿಲ್ಲ. ಚೊಂಬಿನ ನೆಗ್ಗನ್ನು ಮಾತ್ರ ನಂಬಿಕೊಂಡಿದ್ದೆ.

ಪುಸ್ತಕ ಸಿಕ್ಕಿತು. ಧೂಳು ಒರೆಸಿ ಆ ಊರಿನ ಪುಟ ತೆಗೆದೆ. ನನ್ನದೇ ಓರೆ ಅಕ್ಷರ, ನನ್ನದೇ ಹಸಿರು ಶಾಯಿ. ‘ಬಾವಿ ನೀರು ಕುಡಿಯಲ್ಲ. ಫಿಲ್ಟರ್ ನೀರು ಮಾತ್ರ. ಹೇಳಿದವರು: ಮನೆಯಾಕೆ.’

ಅಟ್ಟದ ಏಣಿಯ ಮೇಲೆ ನಿಂತಿದ್ದವನು ಹಾಗೇ ನಿಂತೆ. ಕೆಳಗಿನಿಂದ ಅಮ್ಮ, “ಬಿದ್ದೀಯ, ಇಳಿಯೋ,” ಅಂದಳು. ಯಾರೂ ನನ್ನ ವರದಿ ತಿದ್ದಿರಲಿಲ್ಲ. ಹಿಂದಿನ ರಾತ್ರಿ ಕಚೇರಿಗೆ ಬರೆದಿದ್ದ ಖಾರವಾದ ಪತ್ರವೊಂದು ಫೋನಿನಲ್ಲಿತ್ತು, ಕಳಿಸಿರಲಿಲ್ಲ, ಅಳಿಸಿದೆ. ನೆನಪು ಸುಳ್ಳಾದರೆ ಸಾಲು ನಿಜವಾಗಬೇಕಿತ್ತು. ಹಾಗಿದ್ದರೆ ಸಮಸ್ಯೆಯೇ ಇಲ್ಲ. ಹೋಗಿ ಇನ್ನೊಂದು ಸಲ ಕೇಳಿ ಖಚಿತ ಮಾಡಿಕೊಂಡು ಬಂದರಾಯಿತು ಎಂದುಕೊಂಡು ಕಾರು ಹತ್ತಿದೆ.

ಅಜ್ಜಂಪುರದ ಕಡೆಯ ರಸ್ತೆಯಲ್ಲಿ ಈರುಳ್ಳಿ ಹೊಲಗಳನ್ನು ಹಾದು ಆ ಊರು ತಲುಪಿದಾಗ ಹನ್ನೊಂದು ಗಂಟೆ. ಕಾರ್ಖಾನೆಯ ಬೂದು ಗೋಡೆ ನಾನು ಅಂದುಕೊಂಡದ್ದಕ್ಕಿಂತ ಉದ್ದವಾಗಿತ್ತು. ಗೋಡೆಗೆ ಬೆನ್ನು ಹಾಕಿದಂತೆ ತೋಟ, ತೋಟದ ಅಂಚಿನಲ್ಲಿ ಮನೆ. ಮನೆಯಾಕೆಗೆ ಮೂವತ್ತೈದರ ಆಸುಪಾಸು ಇರಬಹುದು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು.

“ಬರ್ರೀ ಸಾರ್, ಎಷ್ಟು ದಿನ ಆಯ್ತು. ಕೂತ್ಕಳಿ.” ಒಳಗೆ ತಿರುಗಿ ಗಂಡನಿಗೆ, “ರೀ, ಕ್ಯಾನ್ ತಗಂಡು ಹೋಗ್ಬನ್ನಿ ಬೇಗ,” ಅಂದರು.

ಗಂಡ ಗಾಡಿಯ ಬೀಗದ ಕೈಗಾಗಿ ಗೋಡೆಯ ಗೂಡಿಗೆ ಕೈಹಾಕಿದ. ಚಾಲಕ ಬಾಗಿಲಲ್ಲೇ ಅಡ್ಡ ನಿಂತು, “ಅಣ್ಣಾ, ದಮ್ಮಯ್ಯ, ಬೇಡ. ಇವತ್ತೂ ಶುಕ್ರವಾರನೇ,” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಅಡುಗೆಮನೆಯ ಬಾಗಿಲ ಕಡೆ ನೋಡಿದೆ. ಅಲ್ಲಿ ಒಂದು ದೊಡ್ಡ ಕೊಡಪಾನ, ಅದರ ಬಾಯಿಗೆ ನಾಲ್ಕು ಮಡಿಕೆ ಮಾಡಿದ ಬಿಳಿ ಪಂಚೆಯ ತುಂಡು ಕಟ್ಟಿತ್ತು. ಮನೆಯಾಕೆಯ ಅತ್ತೆ ತೋಟದಿಂದ ಬಂದು ಸೊಂಟದ ಮೇಲಿದ್ದ ಬಿಂದಿಗೆಯನ್ನು ಆ ಬಟ್ಟೆಯ ಮೇಲೆ ಸುರಿದರು. ನೀರು ಸೋಸಿ ಒಳಗಿಳಿಯಿತು. ಬಟ್ಟೆಯ ಮೇಲೆ ಮಳೆಗಾಲದ ಪೆಟ್ರೋಲ್ ಬಂಕಿನ ನೆಲದಲ್ಲಿ ಕಾಣುತ್ತದಲ್ಲ, ಅಂಥ ಬಣ್ಣಗಳ ಒಂದು ಪೊರೆ ಉಳಿಯಿತು.

“ಅದು ಯಾವ ನೀರಮ್ಮಾ?” ಅಂದೆ.

“ಬಾವೀದು,” ಅಂದರು ಮುದುಕಿ, ಇದೇನು ಕೇಳುವ ಮಾತೇ ಎನ್ನುವ ಹಾಗೆ.

“ಯಾತಕ್ಕೆ?”

“ಕುಡಿಯಾಕೆ ಕಣಪ್ಪಾ. ಇನ್ಯಾತಕ್ಕೆ, ಜಳಕ ಮಾಡ್ಸಾಕಾ ಸೋಸ್ತಾರೆ?”

ಮನೆಯಾಕೆ ತಲೆ ತಗ್ಗಿಸಿಕೊಂಡು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು. ನಾನು ಟಿಪ್ಪಣಿ ಪುಸ್ತಕವನ್ನು ಚೀಲದಿಂದ ತೆಗೆದು ಹಳೆಯ ಪುಟವನ್ನು ಅವರಿಗೆ ಓದಿ ಹೇಳಿದೆ. ಓದುತ್ತಿದ್ದಾಗ ನನ್ನ ಧ್ವನಿ ಅವರನ್ನು ಗದರಿಸುವಂತಿತ್ತೇನೋ. ಅವರು ಮೆಲ್ಲಗೆ ಹೇಳಿದರು.

“ನೀವು ಜೀಪಲ್ಲಿ ಬಂದಿದ್ರಿ. ಓದ್ದೋರು. ನಿಮಗೆ ಬಾಯಾರಿಕೆ ಆಗಿತ್ತು, ಈ ಬಾವಿ ನೀರು ಕುಡೀತೀರಾ ಅಂತ ಕೇಳಿದ್ರಿ. ಹೂಂ ಅಂದ್ರೆ ಅದನ್ನೇ ತಂದು ಕೊಡ್ಬೇಕಾಗ್ತಿತ್ತಲ್ಲ. ಬಂದೋರಿಗೆ ಬಾವಿ ನೀರು ಕೊಡಾದಾ ಈ ಕಾಲದಲ್ಲಿ? ಅದಕ್ಕೇ, ಇಲ್ಲ ಸಾರ್, ನಾವು ಫಿಲ್ಟರ್ ನೀರೇ ಕುಡಿಯಾದು ಅಂದೆ.”

ಬಾಗಿಲಲ್ಲಿದ್ದ ಚಾಲಕನನ್ನು ನೋಡಿದೆ. ಜೀಪೋ ಕಾರೋ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಇದು ನನಗೆ ಗೊತ್ತಿರಬೇಕಾಗಿದ್ದ ವಿಷಯ. ತರೀಕೆರೆಯ ನಮ್ಮ ಮನೆಯಲ್ಲೂ ನೆಂಟರು ಬಂದಾಗ ಕ್ಯಾನ್ ನೀರು ಬರುತ್ತದೆ. ಅವರು ಹೋದ ಮೇಲೆ ನಾವು ನಲ್ಲಿಯ ನೀರನ್ನೇ ಕುಡಿಯುತ್ತೇವೆ. ಈ ಕಡೆಯ ಯಾವ ಮನೆಯ ಹೆಂಗಸೂ ಬಂದವನ ಮುಂದೆ ತಾನು ಕುಡಿಯುವ ನೀರಿನ ಬಗ್ಗೆ ನಿಜ ಹೇಳುವುದಿಲ್ಲ. ಮರ್ಯಾದೆಯ ಪ್ರಶ್ನೆ ಅದು. ನನ್ನ ಪ್ರಶ್ನೆ ಅವರಿಗೆ ಪರಿಶೀಲನೆಯ ಪ್ರಶ್ನೆಯಾಗಿ ಕೇಳಲೇ ಇಲ್ಲ, ಬಾಯಾರಿದವನ ಪ್ರಶ್ನೆಯಾಗಿ ಕೇಳಿತು. ನಾನು ಅವರ ಸೌಜನ್ಯವನ್ನು ಮಾಹಿತಿ ಎಂದು ಬರೆದುಕೊಂಡು, ಸ್ಟೀಲ್ ಲೋಟದ ನೀರು ಕುಡಿದು, ಸಹಿ ಹಾಕಿ ಹೋಗಿದ್ದೆ.

“ನಲ್ಲಿ ಇದೆಯಲ್ಲ ಅಕ್ಕಾ ಮನೆ ಮುಂದೆ?”

“ಅದು ಬೋರ್ ನೀರು. ಬೇಳೆ ಬೇಯಲ್ಲ ಅದ್ರಲ್ಲಿ. ಫಿಲ್ಟರ್ ತಿಂಗಳಲ್ಲಿ ಎಂಟು ದಿನ ನಡೆದ್ರೆ ಹೆಚ್ಚು. ನಮ್ಮ ಮಾವ ತೋಡ್ಸಿದ ಬಾವಿ, ಇದ್ರ ನೀರಲ್ಲೇ ನಾನು ಮೂರು ಬಾಣಂತನ ಮುಗಿಸಿದೀನಿ.”

“ಮೇಲೆ ಈ ಎಣ್ಣೆ ಬರೋದು?”

“ಮಳೆ ಬಿದ್ದಾಗ ಜಾಸ್ತಿ ಬತ್ತದೆ. ಒಂದೊಂದ್ಸಲ ಅಕ್ಕಿ ತೊಳೆದ ನೀರಿನಂಗೆ ಬೆಳ್ಳಗಾಗ್ತದೆ. ಸೋಸಿದ್ರೆ ಹೋಗ್ತದೆ.”

ಬಿಳಿ ಬಣ್ಣ ಯಾವುದು ಎಂದು ನನಗೆ ಗೊತ್ತಿತ್ತು. ಕಬ್ಬಿಣ ಕೊರೆಯುವಾಗ ಮಷೀನು ಕಾಯದಿರಲಿ ಎಂದು ಅದರ ಮೇಲೆ ಒಂದು ಎಣ್ಣೆ ನೀರು ಸುರಿಸುತ್ತಾರೆ. ಕೂಲಂಟ್ ಅನ್ನುತ್ತಾರೆ, ನೋಡಲು ಹಾಲಿನ ಹಾಗೇ ಇರುತ್ತದೆ. ಚೂರುಗಳ ಜೊತೆ ಅದೂ ರಾಶಿಗೆ ಹೋಗುತ್ತದೆ. ರಾಶಿಯ ಮೇಲೆ ಸೂರಿಲ್ಲ. ಗೋಡೆಯ ಆಚೆ ರಾಶಿ, ಈಚೆ ಬಾವಿ. ಸೋಸಿದರೆ ಬಟ್ಟೆಯ ಮೇಲೆ ಉಳಿಯುವುದು ಎಷ್ಟು, ಒಳಗೆ ಇಳಿಯುವುದು ಎಷ್ಟು ಎಂದು ಹೇಳಬಲ್ಲವನು ನಾನಲ್ಲ.

“ಗೋಡೆ ಇನ್ನೂ ಈಚೆಗೆ ಬತ್ತದಂತೆ, ಹೌದಾ ಸಾರ್?” ಗಂಡ ಕೇಳಿದ. “ಬಾವಿಗೆ ಏನೂ ಆಗಲ್ಲ ತಾನೇ?”

ತೋಟಕ್ಕೆ ಹೋಗಿ ಒಬ್ಬನೇ ನಿಂತು ನನ್ನ ಮೇಲಿನವರಿಗೆ ಫೋನು ಮಾಡಿದೆ. ಅವರು ಕೆಟ್ಟವರಲ್ಲ, ಬಹಳ ಕಂಡವರು. ಎಲ್ಲ ಕೇಳಿ ಸಮಾಧಾನವಾಗಿ ಹೇಳಿದರು: “ಗಾಬರಿ ಬೀಳ್ಬೇಡಿ. ಹಳೇ ವರದಿ ಮುಟ್ಟೋದು ಬೇಡ. ಹೊಸದರಲ್ಲಿ ‘ನೀರಿನ ಬಳಕೆ ಬದಲಾಗಿದೆ, ಈಗ ಕುಡಿಯಲು ಬಳಸುತ್ತಾರೆ’ ಅಂತ ಬರೀರಿ. ಮುಗೀತು.”

ಆ ಉಪಾಯ ಎಷ್ಟು ಚೆನ್ನಾಗಿತ್ತೆಂದರೆ, ಫೋನು ಇಟ್ಟ ಮೇಲೂ ಒಂದಷ್ಟು ಹೊತ್ತು ಅದನ್ನೇ ಮೆಚ್ಚಿಕೊಂಡು ನಿಂತಿದ್ದೆ. ನನ್ನ ಸಹಿ ಉಳಿಯುತ್ತಿತ್ತು. ಮನೆಯಾಕೆಯ ಸುಳ್ಳೂ ಹೊರಗೆ ಬರುತ್ತಿರಲಿಲ್ಲ. ಆದರೆ ಹಾಗೆ ಬರೆದರೆ ಕಾರ್ಖಾನೆ ಬಂದ ಮೇಲೆ ಇವರು ಈ ನೀರು ಕುಡಿಯಲು ಶುರು ಮಾಡಿದರು ಎಂದಾಗುತ್ತಿತ್ತು. ಕಂಪನಿ ಕೇಳುವುದು ಒಂದೇ ಮಾತು: ಕುಡಿಯದಿದ್ದ ಬಾವಿಯಿಂದ ಈಗ ಕುಡಿಯಲು ನಿಮಗೆ ಯಾರು ಹೇಳಿದರು? ರಾಶಿಯ ಜಾಗ ಅಲ್ಲೇ ಬೆಳೆಯುತ್ತಿತ್ತು.

ವಾಪಸ್ ಬಂದು ಮನೆಯಾಕೆಗೆ ವಿಷಯವನ್ನು ಇದ್ದ ಹಾಗೆ ಹೇಳಿದೆ. ನಾಳೆ ಶಾಲೆಯಲ್ಲಿ ಕಂಪನಿಯವರ ಎದುರು ಊರಿನ ಸಭೆಯಿದೆ, ಆವತ್ತು ಹೇಳಿದ್ದು ಸರಿಯಲ್ಲ ಎಂದು ನೀವು ಅಲ್ಲಿ ಹೇಳಬೇಕು ಅಂದೆ.

“ಊರ ಮುಂದೆನಾ?” ಅವರ ಮುಖ ಕಪ್ಪಿಟ್ಟಿತು. “ನಾವು ಎಣ್ಣೆ ನೀರು ಸೋಸ್ಕಂಡು ಕುಡೀತೀವಿ ಅಂತ ಮೈಕಲ್ಲಿ ಹೇಳ್ಲಾ? ನಾಳೆ ನಮ್ಮನೇಗೆ ಯಾರು ಬತ್ತಾರೆ ಸಾರ್?”

ಅತ್ತೆ ಒಳಗಿನಿಂದ, “ನೀನೇ ಹಾಕಿದ ಗಂಟಲ್ವೇನೇ, ನೀನೇ ಬಿಡ್ಸು,” ಅಂದರು.

ಮನೆಯಾಕೆ ನನ್ನ ಕಡೆ ನೇರವಾಗಿ ನೋಡಿದರು. “ಮೊದ್ಲು ನೀವು ಹೇಳಿ. ನಾನು ಬರ್ದಿದ್ದು ತಪ್ಪು ಅಂತ ನೀವು ಎದ್ದು ನಿಂತು ಹೇಳಿ. ಆಮೇಲೆ ನಾನು ಹೇಳಿದ್ದು ಸುಳ್ಳು ಅಂತ ನಾನು ಹೇಳ್ತೀನಿ.”

ಸಭೆಗೆ ಕಂಪನಿಯ ಪರಿಸರ ವಿಭಾಗದ ಎಂಜಿನಿಯರ್ ಬಂದಿದ್ದರು. ಎಳೆಯ ವಯಸ್ಸಿನ ಸಭ್ಯ ಮನುಷ್ಯ; ಎಲ್ಲರಿಗೂ ನಮಸ್ಕಾರ ಮಾಡಿ ಗೋಡೆಗೆ ನಕ್ಷೆ ಅಂಟಿಸಿದರು. ಅದರಲ್ಲಿ ಬಾವಿ ಒಂದು ಸಣ್ಣ ನೀಲಿ ಚುಕ್ಕೆ. ನಾನು ಎದ್ದು ನಿಂತೆ. ಮೈಕು ತೆಗೆದುಕೊಂಡೆ. ಆ ಬಾವಿಯ ಬಗ್ಗೆ ಮೂರು ವರ್ಷದ ಹಿಂದೆ ನಾನು ಬರೆದದ್ದು ತಪ್ಪು, ಒಂದೇ ಪ್ರಶ್ನೆ ಕೇಳಿ ಬರೆದುಬಿಟ್ಟೆ, ಕೊಡ ನೋಡಲಿಲ್ಲ, ಅಡುಗೆಮನೆ ನೋಡಲಿಲ್ಲ ಎಂದು ಹೇಳಿ ಕೂತೆ.

ಎಂಜಿನಿಯರ್ ಕಾಗದ ತಿರುವಿದರು. “ಸಾರ್, ಆದ್ರೆ ಇದು ಆ ಮನೆಯವರೇ ಕೊಟ್ಟ ಹೇಳಿಕೆ ಅಂತಿದೆಯಲ್ಲ?”

ಮನೆಯಾಕೆ ಎದ್ದರು. ಮೈಕು ಬೇಡ ಎಂದು ಕೈ ಆಡಿಸಿದರು. “ಹೂಂ, ನಾನೇ ಹೇಳಿದ್ದು. ಸುಳ್ಳು ಹೇಳಿದ್ದೆ. ನಾವು ಕುಡಿಯಾದು ಬಾವಿ ನೀರೇ. ಮೊದ್ಲಿಂದ್ಲೂ.”

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, “ಅಯ್ಯೋ ಬಿಡೇ, ನೀನೊಬ್ಳೇ ಏನು. ನಾನು ದಿನಾ ನಿಮ್ಮ ಬಾವಿಯಿಂದ್ಲೇ ಎರಡು ಬಿಂದಿಗೆ ಒಯ್ಯಲ್ವಾ?” ಅಂದಳು.

“ಮತ್ತೆ ನಾನು ನಿಮ್ಮನೇಗೆ ಬಂದಾಗ ಫಿಲ್ಟರ್ ನೀರು ಅಂತ ಕೊಟ್ಯಲ್ಲೇ ಮೊನ್ನೆ!” ಅಂದಳು ಪಕ್ಕದವಳು.

“ನೀನು ದೊಡ್ಡ ನೆಂಟ್ರು ಕಣೇ, ಅದಕ್ಕೆ ಹಂಗಂದೆ. ಅದೂ ಬಾವೀದೇ!”

ನಗು ಎದ್ದಿತು. ನಗುವಿನ ನಡುವೆ ಎಂಜಿನಿಯರ್ ಮೆಲ್ಲಗೆ, “ಆ ಬಾವಿಯಿಂದ ಕುಡಿಯೋಕೆ ಒಯ್ಯೋರು ದಯವಿಟ್ಟು ಕೈ ಎತ್ತಿ,” ಅಂದರು. ನಾಲ್ಕೈದು ಕೈ ಏಳಬಹುದು ಎಂದುಕೊಂಡಿದ್ದೆ. ಕೈಗಳು ಏಳುತ್ತಲೇ ಹೋದವು. ಶಾಲೆಯ ಬಿಸಿಯೂಟದ ಅಡುಗೆಯಾಕೆ ಬಾಗಿಲ ಹತ್ತಿರ ನಿಂತಿದ್ದರು. ಸೌಟು ಹಿಡಿದ ಕೈಯನ್ನೇ ಎತ್ತಿದರು. ಆಗ ನಗು ನಿಂತಿತು. ನಾನು ಒಂದು ಮನೆಯನ್ನು ತಪ್ಪಾಗಿ ಬರೆದಿದ್ದೇನೆ ಎಂದುಕೊಂಡು ಬಂದಿದ್ದೆ. ಇಡೀ ಬೀದಿ, ಅದರ ಮೇಲೆ ಒಂದು ಶಾಲೆ. ಎಂಜಿನಿಯರ್ ನಕ್ಷೆಯ ಕಡೆ ತಿರುಗಿ ಆ ನೀಲಿ ಚುಕ್ಕೆಯನ್ನೇ ನೋಡುತ್ತ ನಿಂತರು.

ಅವತ್ತೇ ಮಧ್ಯಾಹ್ನ ಬಾವಿಯ ನೀರನ್ನು ಸೀಸೆಗಳಲ್ಲಿ ತುಂಬಿ ಪರೀಕ್ಷೆಗೆ ಕಳಿಸಿದರು. ಸಂಜೆಯಿಂದ ಕಂಪನಿಯ ಟ್ಯಾಂಕರ್ ಬರತೊಡಗಿತು. ರಾಶಿಯ ಜಾಗವನ್ನು ಪೂರ್ವಕ್ಕೆ ಬೆಳೆಸುವ ನಕ್ಷೆಯನ್ನು ಬಂಡವಾಳದ ಸಂಸ್ಥೆ ತಡೆಹಿಡಿಯಿತು. ನನ್ನ ಮೇಲಿನವರು ಕೆಲವು ದಿನ ನನ್ನ ಜೊತೆ ಮಾತು ಬಿಟ್ಟರು. ಈ ಯಾವುದರಲ್ಲೂ ನನಗೆ ಹೆಮ್ಮೆ ಇರಲಿಲ್ಲ. ತಡವಾಗಿ ಆಗಿದ್ದು ಸರಿಯಾಗಿದ್ದರೂ ತಡವೇ.

ಪರೀಕ್ಷೆಯ ಕಾಗದ ಬಂದಾಗ ಅದನ್ನು ನಾನೇ ಆ ಮನೆಗೆ ಒಯ್ದೆ. ಅಂಚೆಯಲ್ಲಿ ಕಳಿಸಬಹುದಿತ್ತು, ಮನಸ್ಸಾಗಲಿಲ್ಲ. ಜಗಲಿಯ ಮೇಲೆ ಅತ್ತೆ ಸೊಸೆ ಇಬ್ಬರೂ ಕೂತರು, ಗಂಡ ಕಂಬಕ್ಕೆ ಒರಗಿ ನಿಂತ. ಅವರಿಗೆ ಅರ್ಥವಾಗದ ಅಂಕಿಗಳನ್ನು ಬಿಟ್ಟು ಕೊನೆಯ ಸಾಲು ಓದಿದೆ: ‘ಕುಡಿಯಲು ಯೋಗ್ಯವಲ್ಲ.’

ಮುದುಕಿ, “ಬಟ್ಟೆ ಎಂಟು ಮಡಿಕೆ ಮಾಡಿದ್ರೂನಾ?” ಅಂದರು. ನಾನು ಇಲ್ಲ ಎಂದು ತಲೆಯಾಡಿಸಿದೆ.

ಮನೆಯಾಕೆ ಕಾಗದವನ್ನು ಕೈಗೆ ತೆಗೆದುಕೊಂಡು, ಓದಲು ಬರುವ ಕಡೆಯೆಲ್ಲ ಬೆರಳಿಟ್ಟು ನೋಡಿದರು. ಆಮೇಲೆ ಕೇಳಿದರು.

“ಯಾವಾಗಿಂದ?”

ನಾನು ಕಾಗದದ ಮೇಲಿದ್ದ ಪರೀಕ್ಷೆಯ ತಾರೀಖು ತೋರಿಸಿದೆ.

“ಅಲ್ಲ ಸಾರ್, ಈಗ ಕೆಟ್ಟದೆ ಅಂತ ಬರ್ದವ್ರೆ. ಯಾವಾಗಿಂದ ಕೆಟ್ಟದೆ? ಹೋದ ಮಳೆಗಾಲದಿಂದ್ಲಾ, ಅದಕ್ಕೂ ಮುಂಚೇನಾ? ನಮ್ಮ ಚಿಕ್ಕ ಮಗಳಿಗೆ ಈಗ ಮೂರು ವರ್ಷ. ಹುಟ್ದಾಗಿಂದ ಇದೇ ನೀರು.”

ಮೂರು ವರ್ಷದ ಹಿಂದೆ ಈ ಬಾವಿಯ ಒಂದು ಸೀಸೆ ನೀರನ್ನು ಪರೀಕ್ಷೆ ಮಾಡಿದ್ದರೆ ಇವತ್ತು ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ಉತ್ತರ ಹೇಳಬಹುದಿತ್ತು. ಪ್ರತಿ ಆರು ತಿಂಗಳಿಗೂ ಮಾಡಬೇಕೆಂಬ ನಿಯಮವೂ ಇತ್ತು, ಕುಡಿಯುವ ನೀರಾದರೆ. ನನ್ನ ಒಂದು ಸಾಲಿನಿಂದ ಆ ಸೀಸೆ ತುಂಬಲೇ ಇಲ್ಲ. ಬೇರೆ ಯಾವ ದಾಖಲೆಯೂ ಇಲ್ಲ. ಅವತ್ತು ನೀರು ಹೇಗಿತ್ತು ಎಂದು ನೆನಪಿನಿಂದ ಹೇಳೋಣವೆಂದರೆ, ನಾನು ಅದನ್ನು ಕುಡಿದೇ ಇರಲಿಲ್ಲ.

“ಗೊತ್ತಿಲ್ಲ ಅಕ್ಕಾ,” ಅಂದೆ. “ಗೊತ್ತು ಮಾಡ್ಕೊಳ್ಳೋಕೆ ದಾರಿನೂ ಇಲ್ಲ. ಅವತ್ತು ನೋಡ್ಬೇಕಿತ್ತು. ನಾನು ಬರೆದಿದ್ದರಿಂದ ನೋಡ್ಲಿಲ್ಲ.”

ಅವರು ಬಯ್ಯುತ್ತಾರೆ ಎಂದು ಕಾದೆ. ಬಯ್ಯಲಿಲ್ಲ. ಒಳಗೆ ಕಿರುಚಾಡಿಕೊಂಡು ಆಡುತ್ತಿದ್ದ ಮಗುವನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡರು. ಅದರ ಕೆನ್ನೆ, ಕಣ್ಣು, ಉಗುರು ಒಂದೊಂದಾಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಇವಳನ್ನ ಯಾವ ಡಾಕ್ಟ್ರಿಗೆ ತೋರಿಸ್ಬೇಕು, ಅದನ್ನಾದ್ರೂ ಹೇಳಿ,” ಅಂದರು.

ನಾನು ಪುಸ್ತಕ ತೆಗೆದೆ. ಆ ಬಾವಿಯ ನೀರು ಕುಡಿದ ಮಕ್ಕಳ ಪಟ್ಟಿಯನ್ನು ಅವಳಿಂದ ಶುರು ಮಾಡಿ, ಆ ಬೀದಿಯ ಮನೆಮನೆಗೂ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಬರೆದುಕೊಂಡೆ.